ತಪಸ್ಸುಕಾಲದ ಚಳಿ ಮತ್ತು ಎರಡು ಕೆಂಡದ ಬೆಂಕಿಗಳು

ಶಿವರಾತ್ರಿ ಬಂತೆಂದರೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎಂಬ ಮಾತು ನಾಡಿನಲ್ಲೆಲ್ಲ ರೂಢಿಯಲ್ಲಿದೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಬಾಳುವವರು ಇದನ್ನು ಪೂರ್ತಿ ನಂಬಲಾರರು. ಮಾವು ಹೂಬಿಟ್ಟು ಹಗಲು ಬಿಸಿಲೇರಿದರೂ ಬೆಳಗಿನ ಜಾವ ತೋಟದ ತಗ್ಗಿನಲ್ಲಿ ಮಂಜು ಕವಿದಿರುತ್ತದೆ. ಮಕ್ಕಳು ಬಚ್ಚಲ ಒಲೆಯ ಮುಂದಿನಿಂದ ಏಳಲೊಲ್ಲರು. ಪಾಸ್ಖ ಹಬ್ಬ ಬೇಗ ಬರುವ ವರ್ಷಗಳಲ್ಲಿ ನಮ್ಮ ತಪಸ್ಸುಕಾಲ ಈ ಚಳಿಯಲ್ಲಿಯೇ ಆರಂಭವಾಗುತ್ತದೆ. 2024ರಲ್ಲಿ ವಿಭೂತಿ ಬುಧವಾರ ಫೆಬ್ರವರಿ 14ರಂದೇ ಬಂದಿತ್ತು. ಅಜ್ಜಿಯರು ತಲೆಯ ಮೇಲಿನ ಶಾಲು ಸರಿಸಿ ಬೂದಿಗೆ ಹಣೆಯೊಡ್ಡಿದರು.

ಪ್ರಭು ಯೇಸುವಿನ ಯಾತನೆಯೂ ಇಂಥದೇ ಚಳಿ ಬಿಡದ ವಸಂತದಲ್ಲಿ ನಡೆಯಿತೆಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಪಾಸ್ಖ ಹುಣ್ಣಿಮೆಯ ಹಬ್ಬ. ಜೆರುಸಲೇಮ್ ಪಟ್ಟಣವು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿ, ನಮ್ಮ ಮೂರೂ ಊರುಗಳಿಗಿಂತ ಮೇಲೆ ಇದೆ. ಪ್ರಧಾನ ಯಾಜಕನ ಅಂಗಳದಲ್ಲಿ ಆಳುಗಳು ಕೆಂಡದ ಬೆಂಕಿ ಮಾಡಿದ್ದು ಚಳಿಯ ಕಾರಣದಿಂದ ಎಂದು ಸಂತ ಯೊವಾನ್ನರು ಸ್ಪಷ್ಟವಾಗಿ ಬರೆದಿದ್ದಾರೆ. ಅವರು ಬಳಸಿದ 'ಅಂಥ್ರಾಕಿಯಾ' ಎಂಬ ಗ್ರೀಕ್ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಎರಡೇ ಸಲ ಬರುತ್ತದೆ: ಒಂದು ಆ ಅಂಗಳದಲ್ಲಿ, ಇನ್ನೊಂದು ಪುನರುತ್ಥಾನದ ನಂತರ ತಿಬೇರಿಯ ಸರೋವರದ ದಡದಲ್ಲಿ.

ಪೇತ್ರ ಕೇಡು ಬಯಸಿ ಮೊದಲ ಬೆಂಕಿಯ ಬಳಿ ಹೋದವನಲ್ಲ. ಚಳಿಯಾಗುತ್ತಿತ್ತು, ಹೋಗಿ ನಿಂತ. ನಿಂತ ಮೇಲೆ ಸುತ್ತಲಿದ್ದವರ ಮಾತಿಗೆ ತಕ್ಕಂತೆ ಮಾತಾಡಬೇಕಾಯಿತು. ಮೂರು ಬಾರಿ ಅಲ್ಲಗಳೆದ. ಎರಡನೆಯ ಬೆಂಕಿಯನ್ನು ಪ್ರಭುವೇ ಸಿದ್ಧಪಡಿಸಿದ್ದರು. ಅದರ ಮೇಲೆ ಮೀನಿತ್ತು, ಜೊತೆಗೆ ರೊಟ್ಟಿಯಿತ್ತು. ರಾತ್ರಿಯಿಡೀ ಬಲೆ ಬೀಸಿ ನೆನೆದು ಬಂದವರಿಗೆ ಮೊದಲು ತಿನ್ನಲು ಕೊಟ್ಟು, ಆಮೇಲೆ ಪೇತ್ರನನ್ನು ಪ್ರೀತಿಯ ಕುರಿತು ಮೂರು ಬಾರಿ ಪ್ರಶ್ನಿಸಿದರು. ಈ ಕ್ರಮ ನನಗೆ ಬಹಳ ಮುಖ್ಯವೆನಿಸುತ್ತದೆ. ನಮ್ಮ ಮನೆಗಳಲ್ಲಿ ವಿಚಾರಣೆ ಮೊದಲು, ಊಟ ಆಮೇಲೆ!

ಗುರುಮಠದಲ್ಲಿ ತತ್ವಶಾಸ್ತ್ರ ಓದುವವರು ಸಂತ ಥಾಮಸ್ ಅಕ್ವಿನಾಸರ ಒಂದು ದೃಷ್ಟಾಂತವನ್ನು ಬೇಗನೆ ಕಲಿಯುತ್ತಾರೆ. ಕಟ್ಟಿಗೆಯಲ್ಲಿ ಬಿಸಿಯಾಗುವ ಸಾಧ್ಯತೆಯಿದೆ, ಆದರೆ ಅದು ತನ್ನನ್ನು ತಾನೇ ಉರಿಸಿಕೊಳ್ಳಲಾರದು. ಈಗಾಗಲೇ ಉರಿಯುತ್ತಿರುವುದೊಂದು ಅದನ್ನು ಮುಟ್ಟಬೇಕು. ಹಸಿ ಸೌದೆಯೊಡನೆ ಗುದ್ದಾಡಿದ ನಮ್ಮ ತಾಯಂದಿರಿಗೆ ಇದನ್ನು ಬೋಧಿಸುವ ಅಗತ್ಯವಿಲ್ಲ.

ಆ ಸೌದೆಗೂ ಬೆಲೆಯುಂಟು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಡಿಸೆಂಬರಿನಿಂದ ಮೇ ತನಕ, ಅಂದರೆ ಸೌದೆ ಮತ್ತು ತರಗೆಲೆ ಕೂಡಿಡುವ ಕಾಲದಲ್ಲಿಯೇ ಹೆಚ್ಚು. ಕಾಡಿಗೆ ಹೋದವರಿಗೆ ಉಣುಗು ಕಚ್ಚುತ್ತದೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಸಂಭವಿಸಿದ ಸಾವುಗಳನ್ನು ಈ ಭಾಗದವರು ಮರೆತಿಲ್ಲ. ಊಟಕ್ಕೆ ಮುನ್ನ ಅನ್ನಕ್ಕಾಗಿ ವಂದಿಸುವ ನಾವು, ಸ್ನಾನದ ಬಿಸಿನೀರಿನ ಹಿಂದೆ ಯಾರ ಬೆನ್ನಿನ ಹೊರೆಯಿದೆಯೆಂದು ನೆನೆಯುವುದುಂಟೆ?

1964ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯು ಕುಟುಂಬವನ್ನು ಗೃಹಧರ್ಮಸಭೆ ಎಂಬ ಅರ್ಥದಲ್ಲಿ ಗೌರವಿಸಿತು. ಹೊಸನಗರದ ಕಡೆಯ ಒಂದು ಮನೆಯನ್ನು ಕಂಡಾಗ ನನಗೆ ಈ ಮಾತಿನ ತೂಕ ತಿಳಿಯಿತು. ಪಾಲಿನ ಜಗಳದಲ್ಲಿ ಅಣ್ಣತಮ್ಮಂದಿರು ನಡುಮನೆಗೆ ಗೋಡೆ ಹಾಕಿಸಿದ್ದರು. ಜಪಮಾಲೆಯ ಪ್ರಾರ್ಥನೆ ಗೋಡೆಯ ಆಚೆ ಒಂದು, ಈಚೆ ಒಂದು. ಬಚ್ಚಲನ್ನು ಮಾತ್ರ ಪಾಲು ಮಾಡಲಾಗಿರಲಿಲ್ಲ. ಹಂಡೆ ಒಂದೇ, ಒಲೆ ಒಂದೇ. ಅಣ್ಣನ ಹೆಂಡತಿ ನಸುಕಿಗೇ ಎದ್ದು ನೀರು ಕಾಯಿಸಿ, ತನ್ನವರ ಸ್ನಾನ ಮುಗಿದ ಮೇಲೆ ಕೆಂಡವನ್ನು ಬೂದಿಯಲ್ಲಿ ಮುಚ್ಚಿ, ಬರಿದಾದ ಹಂಡೆಯನ್ನು ಮತ್ತೆ ತುಂಬಿಸಿ ಹೋಗುತ್ತಿದ್ದಳು. ಓರಗಿತ್ತಿ ಬಂದು ಬೂದಿ ಸರಿಸಿ ಊದಿದರೆ ಸಾಕು. ಎರಡು ವರ್ಷ ಹೀಗೆ ನಡೆದಿತ್ತು. ಗಂಡಸರು ಪರಸ್ಪರ ಮುಖ ನೋಡುತ್ತಿರಲಿಲ್ಲ.

"ಕೆಂಡ ಯಾಕಮ್ಮ ಉಳಿಸ್ತೀರಿ?" ಎಂದು ಕೇಳಿದೆ. "ಅವಳ ಮಗು ಸಣ್ಣದು ಫಾದರ್, ತಣ್ಣೀರಾದರೆ ಹೇಗೆ?" ಎಂದಳು. ಸಂಧಾನಕ್ಕೆಂದು ನಾನು ಸಿದ್ಧಪಡಿಸಿಕೊಂಡಿದ್ದ ಮಾತುಗಳು ಅಂದು ಬಳಕೆಗೆ ಬರಲಿಲ್ಲ. ಗೋಡೆ ಇಂದಿಗೂ ಇದೆ. ಆದರೆ ಅಣ್ಣನಿಗೆ ಜ್ವರ ಬಂದಾಗ ತಮ್ಮನೇ ಅವನನ್ನು ಆಸ್ಪತ್ರೆಗೆ ಕರೆದೊಯ್ದನೆಂದು ಆಮೇಲೆ ಕೇಳಿದೆ.

ಕುಟುಂಬ ಪ್ರಾರ್ಥನೆಯ ಬಗ್ಗೆ ಕೇಳುವವರಿಗೆ ನಾನು ಹೇಳುವುದಿಷ್ಟೆ. ಹಗಲೆಲ್ಲ ಅಡಿಕೆ ಸುಲಿದು ಸೊಂಟ ಹಿಡಿದುಕೊಂಡ ತಾಯಿಯಿಂದ ಐದೂ ರಹಸ್ಯಗಳನ್ನು ಮೊಣಕಾಲೂರಿಸಿ ಹೇಳಿಸಬೇಡಿ. ಒಂದೇ ರಹಸ್ಯವಾದರೂ ಸರಿ, ಒಲೆಯ ಬಳಿ ಕುಳಿತು, ಮೊಬೈಲುಗಳನ್ನು ಒಳಗಿಟ್ಟು ಹೇಳಿರಿ. ಬೆಂಗಳೂರಿನಲ್ಲಿರುವ ಮಗನ ಹೆಸರನ್ನೂ, ಮಾತು ಬಿಟ್ಟ ದಾಯಾದಿಯ ಹೆಸರನ್ನೂ ಸೇರಿಸಿರಿ. ಎರಡನೆಯ ಹೆಸರು ಬಾಯಿಗೆ ಬರಲು ಕೆಲವು ಸಂಜೆಗಳು ಹಿಡಿಯಬಹುದು. ಅವಸರವಿಲ್ಲ, ಪಾಸ್ಖ ಹಬ್ಬಕ್ಕೆ ನಲವತ್ತು ದಿನಗಳಿವೆ.