ಶೇ. 10 ದುಬಾರಿಯೋ, ಶೇ. 16 ದುಬಾರಿಯೋ?

ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ಊರಲ್ಲಿ ಮನೆಯವರಿಗೆ ಒಂದು ಲಕ್ಷ ರೂಪಾಯಿ ಸಾಲ ಬೇಕು, 12 ಸಮ ಕಂತುಗಳಲ್ಲಿ ತೀರಿಸ್ತಾರೆ ಅಂತಿಟ್ಟುಕೊಳ್ಳಿ. ಒಬ್ಬರು ಶೇ. 10 ‘ಫ್ಲ್ಯಾಟ್’ ಬಡ್ಡಿ ಅಂತಾರೆ. ಇನ್ನೊಬ್ಬರು ಶೇ. 16 ‘ರೆಡ್ಯೂಸಿಂಗ್’ ಅಂತಾರೆ. ಯಾವುದು ಅಗ್ಗ? ಥಟ್ ಅಂತ ಕೇಳಿದರೆ ಬಾಯಿಗೆ ಬರೋದು 10.

ಉತ್ತರ ಉಲ್ಟಾ. ಫ್ಲ್ಯಾಟ್‌ನಲ್ಲಿ ವರ್ಷವಿಡೀ ಪೂರ್ತಿ ಲಕ್ಷಕ್ಕೇ ಬಡ್ಡಿ, ಅಂದರೆ 10,000 ರೂಪಾಯಿ. ಆದರೆ ಪ್ರತಿ ಕಂತಿನಲ್ಲೂ ಅಸಲು ಸ್ವಲ್ಪ ಸ್ವಲ್ಪ ವಾಪಸ್ ಹೋಗ್ತಾ ಇರುತ್ತದಲ್ವಾ? ಕೊನೆಯ ತಿಂಗಳಲ್ಲಿ ಉಳಿದಿರೋದು ಸುಮಾರು ಒಂಬತ್ತು ಸಾವಿರ ಮಾತ್ರ. ರೆಡ್ಯೂಸಿಂಗ್‌ನಲ್ಲಿ ಹೀಗೆ ಉಳಿದ ಅಸಲಿಗಷ್ಟೇ ಬಡ್ಡಿ. ಹಾಗಾಗಿ ಶೇ. 16ಕ್ಕೂ ಒಟ್ಟು ಬಡ್ಡಿ ಸುಮಾರು 8,877 ರೂಪಾಯಿ. ಆ ಶೇ. 10 ಫ್ಲ್ಯಾಟ್ ನಿಜದಲ್ಲಿ ಶೇ. 18ಕ್ಕೆ ಸಮ!

ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಅಂಕಿ ತೋರಿಸಿದ ರೀತಿ ಬೇರೆ, ಅಷ್ಟೇ. ಲೆಕ್ಕ ಜಟಿಲವಾದಷ್ಟೂ ನಾವು ಕಣ್ಣಿಗೆ ಬಿದ್ದ ಮೊದಲ ಸಂಖ್ಯೆಯನ್ನೇ ಹಿಡಿದುಕೊಳ್ಳುತ್ತೇವೆ. ‘ಜೀರೋ ಪರ್ಸೆಂಟ್ ಇಎಂಐ’ ಕೂಡ ಇದೇ ಜಾತಿ. ಶೂನ್ಯ ಬಡ್ಡಿ ಅನ್ನೋದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಬಡ್ಡಿ ಪ್ರೊಸೆಸಿಂಗ್ ಫೀ ಒಳಗೋ, ನಮಗೆ ಸಿಗದೇ ಹೋದ ಡಿಸ್ಕೌಂಟ್ ಒಳಗೋ ಅಡಗಿರುತ್ತದೆ.

ಪರಿಹಾರ ಏನು? ಇನ್ನಷ್ಟು ಪುಟಗಳ ಷರತ್ತು ಕೊಟ್ಟರೆ ಯಾರೂ ಓದಲ್ಲ. ಬೇಕಾಗಿರೋದು ಎಲ್ಲ ಸಾಲಗಳನ್ನೂ ಅಳೆಯೋ ಒಂದೇ ಅಳತೆಕೋಲು. ಅಮೆರಿಕದಲ್ಲಿ 1968ರ ‘ಟ್ರೂತ್ ಇನ್ ಲೆಂಡಿಂಗ್’ ಕಾನೂನು ಇದಕ್ಕಾಗಿಯೇ ಎಪಿಆರ್ ತಂದಿತು. ಬಡ್ಡಿ, ಸಾಲಕ್ಕೆ ಅಂಟಿದ ಶುಲ್ಕ ಎರಡನ್ನೂ ಸೇರಿಸಿ ಹೇಳುವ ವಾರ್ಷಿಕ ದರ ಅದು. ಭಾರತದಲ್ಲೂ 2024ರ ಅಕ್ಟೋಬರ್ 1ರಿಂದ ಹೊಸ ಚಿಲ್ಲರೆ ಸಾಲಗಳಿಗೆ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಕೊಡಲೇಬೇಕು. ಅದರಲ್ಲಿ ಎಪಿಆರ್ ಇರಬೇಕು. ಇನ್ನೊಂದು ಮುಖ್ಯ ವಿಷಯ: ಅದು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು ಅಂತ ನಿಯಮವೇ ಇದೆ.

ನಮ್ಮಲ್ಲಿ ಎಷ್ಟೋ ಜನರ ಎಜುಕೇಶನ್ ಲೋನ್‌ಗೆ ಅಪ್ಪ-ಅಮ್ಮ ಸಹಿ ಹಾಕಿರುತ್ತಾರೆ. ಮುಂದಿನ ಸಲ ತಮ್ಮನಿಗೋ ತಂಗಿಗೋ ಸಾಲ ತೆಗೆಯುವಾಗ ಅವರಿಗೆ ಮೂರು ಮಾತು ಹೇಳಿಕೊಡಿ: “ಎಪಿಆರ್ ಎಷ್ಟು? ಕೊನೆಗೆ ಒಟ್ಟು ಎಷ್ಟು ಕಟ್ಟಬೇಕು? ಆ ಹಾಳೆ ಕನ್ನಡದಲ್ಲಿ ಕೊಡಿ.” ಸಹಿ ಆಮೇಲೆ.