ಕ್ಯಾನ್ಸರ್ ಗೆದ್ದವರ ಓಟ, ಸಂಶೋಧನೆಗೆ ಹಣ: ಈ ಲೆಕ್ಕ ನಡೆಯುವುದು ಹೇಗೆ?

1980ರ ಸೆಪ್ಟೆಂಬರ್ 1ರಂದು ಕೆನಡಾದ ಥಂಡರ್ ಬೇ ಊರಿನ ಹೊರಗೆ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು ಹೊರಟಿದ್ದ ಟೆರಿ ಫಾಕ್ಸ್ ಓಟ ನಿಲ್ಲಿಸಿದ. ಆಗ ಅವನಿಗೆ 22 ವರ್ಷ. ಬಲಗಾಲು ಮಂಡಿಯ ಮೇಲಿನಿಂದ ಇರಲಿಲ್ಲ. ಕೃತಕ ಕಾಲಿನಲ್ಲಿ 143 ದಿನ, 5,373 ಕಿಲೋಮೀಟರ್ ಓಡಿದ್ದ. ಮೂಳೆಯಲ್ಲಿದ್ದ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು. ಅಷ್ಟು ಹೊತ್ತಿಗೆ ಸಂಶೋಧನೆಗೆಂದು ಕೂಡಿದ್ದ ಹಣ ಸುಮಾರು 17 ಲಕ್ಷ ಡಾಲರ್. ಐದು ತಿಂಗಳ ನಂತರ, 1981ರ ಫೆಬ್ರವರಿ 1ಕ್ಕೆ, ಅದೇ ನಿಧಿ 2 ಕೋಟಿ 41 ಲಕ್ಷ ಡಾಲರ್ ದಾಟಿತ್ತು. ಆಗಿನ ಕೆನಡಾದ ಜನಸಂಖ್ಯೆ ಎಷ್ಟೋ ಅಷ್ಟು, ತಲೆಗೊಂದು ಡಾಲರ್.

ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹಣದ ಬಹುಪಾಲು ಬಂದದ್ದು ಅವನು ಆಸ್ಪತ್ರೆಯ ಹಾಸಿಗೆ ಹಿಡಿದ ಮೇಲೆ. ಓಡಿದ ಮಾತ್ರಕ್ಕೆ ಹಣ ಬರುವುದಿಲ್ಲ. ಓಟದ ಸುತ್ತ ಯಾರು ಕೇಳುತ್ತಾರೆ, ಯಾರು ಲೆಕ್ಕ ಇಡುತ್ತಾರೆ, ಖರ್ಚು ಯಾರ ತಲೆಗೆ ಎಂಬ ಏರ್ಪಾಡಿನಿಂದ ಬರುತ್ತದೆ. ಚಿಕಿತ್ಸೆ ಮುಗಿಸಿ ಶೂ ಕಟ್ಟಿಕೊಂಡು, "ನಾನೂ ಏನಾದರೂ ಮಾಡಬೇಕು" ಎಂದು ಹೊರಡುವವರು ಮೊದಲು ತಿಳಿಯಬೇಕಾದದ್ದು ಈ ಏರ್ಪಾಡನ್ನು.

ಟೆರಿಯ ದಾರಿಯಲ್ಲೇ ಅದು ಕಾಣುತ್ತದೆ. ಪೂರ್ವ ತುದಿಯ ಸೇಂಟ್ ಜಾನ್ಸ್‌ನಲ್ಲಿ ಏಪ್ರಿಲ್ 12ರಂದು ಕೃತಕ ಕಾಲನ್ನು ಅಟ್ಲಾಂಟಿಕ್ ನೀರಿಗೆ ಅದ್ದಿ ಹೊರಟ. ಜೊತೆಗೆ ಒಂದು ವ್ಯಾನು, ಅದನ್ನು ಓಡಿಸಲು ಗೆಳೆಯ ಡಗ್ ಆಲ್ವರ್ಡ್. ವ್ಯಾನು ಕೊಟ್ಟದ್ದು ಫೋರ್ಡ್ ಕಂಪನಿ, ಶೂ ಕೊಟ್ಟದ್ದು ಅಡಿಡಾಸ್. ಆಗಿನ ಕೃತಕ ಕಾಲು ಓಡುವುದಕ್ಕೆ ಮಾಡಿದ್ದಲ್ಲ. ಒಂದು ಹೆಜ್ಜೆ ಇಟ್ಟ ಮೇಲೆ ಅದರ ಸ್ಪ್ರಿಂಗು ಮತ್ತೆ ಹದಕ್ಕೆ ಬರುವವರೆಗೆ ಒಳ್ಳೆಯ ಕಾಲಿನ ಮೇಲೆ ಎರಡು ಸಲ ಕುಪ್ಪಳಿಸಬೇಕು. ಹಾಗೆ ದಿನಕ್ಕೊಂದು ಮ್ಯಾರಥಾನ್‌ನಷ್ಟು ದೂರ. ಪೋರ್ಟ್ ಓ ಬಾಸ್ಕ್ ಎಂಬ ಊರಿನಲ್ಲಿ ಸುಮಾರು ಹತ್ತು ಸಾವಿರ ಜನ. ಅವರು ಕೊಟ್ಟದ್ದು ಹತ್ತು ಸಾವಿರ ಡಾಲರಿಗೂ ಹೆಚ್ಚು. ತಲೆಗೊಂದು ಡಾಲರ್ ಎಂಬ ಗುರಿ ಹುಟ್ಟಿದ್ದು ಅಲ್ಲಿ. ಆದರೆ ಮುಂದೆ ಎಷ್ಟೋ ಊರುಗಳಲ್ಲಿ ಇವನು ಯಾರೆಂದೇ ಜನಕ್ಕೆ ಗೊತ್ತಿರಲಿಲ್ಲ. ಜೂನ್ ಕೊನೆಗೆ ಮಾಂಟ್ರಿಯಲ್ ಮುಟ್ಟಿದಾಗ ದಾರಿಯ ಮೂರನೇ ಒಂದು ಭಾಗ ಸವೆದಿತ್ತು. ಹಣ ಮಾತ್ರ ಎರಡು ಲಕ್ಷದ ಆಸುಪಾಸು.

ಇದು ಬದಲಾದದ್ದು ಒಂಟಾರಿಯೋ ಪ್ರಾಂತ್ಯದಲ್ಲಿ. ಅವನು ಯಾರಿಗಾಗಿ ಹಣ ಕೂಡಿಸುತ್ತಿದ್ದನೋ ಆ ಕೆನಡಾದ ಕ್ಯಾನ್ಸರ್ ಸೊಸೈಟಿಯವರು ಅಲ್ಲಿ ಪ್ರಚಾರಕ್ಕೇ ಒಬ್ಬರನ್ನು ನಿಲ್ಲಿಸಿದರು. ಫೋರ್ ಸೀಸನ್ಸ್ ಹೋಟೆಲುಗಳ ಒಡೆಯ ಇಸಡೋರ್ ಶಾರ್ಪ್, ತಮ್ಮ ಮಗನನ್ನು ಕ್ಯಾನ್ಸರಿಗೆ ಕಳೆದುಕೊಂಡವರು, ಮೈಲಿಗೆ ಎರಡು ಡಾಲರ್ ಕೊಡುತ್ತೇನೆಂದು ಹೇಳಿ ಬೇರೆ 999 ಕಂಪನಿಗಳಿಗೂ ಹಾಗೇ ಕೊಡುವಂತೆ ಸವಾಲು ಹಾಕಿದರು. ಟೊರೊಂಟೊದಲ್ಲಿ ಹತ್ತು ಸಾವಿರ ಜನ ಸೇರಿ ಒಂದೇ ದಿನಕ್ಕೆ ಲಕ್ಷ ಡಾಲರ್ ಬಂತು. ಓಟ ನಿಂತ ಮೇಲೆ ದೇಶದ ಟೀವಿಯಲ್ಲಿ ಗಂಟೆಗಟ್ಟಲೆ ನಡೆದ ದೇಣಿಗೆ ಕಾರ್ಯಕ್ರಮವೊಂದೇ ಒಂದು ಕೋಟಿ ಡಾಲರಿಗೂ ಹೆಚ್ಚು ತಂದಿತು. ಓಡುವ ಕಾಲು ಅದೇ, ಕುಪ್ಪಳಿಕೆ ಅದೇ. ಕೇಳುವವರು ಹೆಚ್ಚಾದರು, ಅಷ್ಟೆ.

ಇನ್ನು ಸಂಶೋಧನೆಗೇ ಏಕೆ ಎಂಬ ಪ್ರಶ್ನೆ. ಟೆರಿ ಚಿಕಿತ್ಸೆಗೆಂದು ಕೇಳಲಿಲ್ಲ, ಅದಕ್ಕೆ ಕಾರಣವಿತ್ತು. 1977ರಲ್ಲಿ, 18ನೇ ವಯಸ್ಸಿನಲ್ಲಿ ಕಾಲು ತೆಗೆದಾಗ ವೈದ್ಯರು ಬದುಕುವ ಸಾಧ್ಯತೆ ಅರ್ಧಕ್ಕರ್ಧ ಎಂದಿದ್ದರು. ಎರಡೇ ವರ್ಷ ಮೊದಲು ಈ ರೋಗ ಬಂದಿದ್ದರೆ ಅದು ಶೇಕಡಾ 15 ಇರುತ್ತಿತ್ತಂತೆ. ನಡುವೆ ಬದಲಾದದ್ದು ಔಷಧ. ಅವನ ದೇಹಕ್ಕೆ ಹೋದ ಕಿಮೋ ಔಷಧಗಳಲ್ಲಿ ಒಂದಾದ ಮೆಥೊಟ್ರೆಕ್ಸೇಟ್‌ಗೆ ನಮ್ಮ ಕಡೆಯ ನಂಟೂ ಇದೆ. ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಕಂಪನಿಯಲ್ಲಿ ಫೋಲಿಕ್ ಆಮ್ಲದ ಮೇಲೆ ಕೆಲಸ ಮಾಡುವಾಗ ಅವರ ತಂಡ ಅಮಿನಾಪ್ಟೆರಿನ್ ತಯಾರಿಸಿತು. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅದನ್ನು ರಕ್ತ ಕ್ಯಾನ್ಸರಿನ ಮಕ್ಕಳಿಗೆ ಕೊಟ್ಟು 1948ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೆಥೊಟ್ರೆಕ್ಸೇಟ್ ಅದರದೇ ಕುಲದ್ದು. ಅದನ್ನು ಭಾರೀ ಪ್ರಮಾಣದಲ್ಲಿ ಕೊಟ್ಟು, ಹಿಂದೆಯೇ ಮಾರುಮದ್ದು ಕೊಟ್ಟು ರೋಗಿಯನ್ನು ಉಳಿಸಿಕೊಳ್ಳುವ ವಿಧಾನ ಮೂಳೆ ಕ್ಯಾನ್ಸರಿಗೆ ಬಂದದ್ದು 1970ರ ದಶಕದಲ್ಲಿ. ಪ್ರಯೋಗಾಲಯದಿಂದ ಹಾಸಿಗೆಗೆ ಬರಲು ಕಾಲು ಶತಮಾನ ಹಿಡಿಯಿತು. ಸಂಶೋಧನೆಗೆ ಕೊಟ್ಟ ಹಣದ ಫಲ ಕೊಟ್ಟವನ ಕಣ್ಣೆದುರು ಕಾಣುವುದು ಕಡಿಮೆ.

ಹೀಗೆ ಕೂಡಿದ ಹಣ ನೇರವಾಗಿ ಒಬ್ಬ ವಿಜ್ಞಾನಿಯ ಕೈಗೆ ಹೋಗುವುದಿಲ್ಲ. ಸಂಸ್ಥೆ ಅರ್ಜಿ ಕರೆಯುತ್ತದೆ, ಅದೇ ಕ್ಷೇತ್ರದ ಬೇರೆ ಪರಿಣತರು ಅರ್ಜಿಗಳನ್ನು ತೂಗುತ್ತಾರೆ, ಆಯ್ಕೆಯಾದವಕ್ಕೆ ಕೆಲವು ವರ್ಷಗಳ ಅನುದಾನ. ಅದರಲ್ಲಿ ದೊಡ್ಡ ಪಾಲು ಸಂಶೋಧನಾ ವಿದ್ಯಾರ್ಥಿಗಳ, ತಂತ್ರಜ್ಞರ ಸಂಬಳಕ್ಕೆ. ಉಳಿದದ್ದು ರಾಸಾಯನಿಕ, ಉಪಕರಣ, ರೋಗಿಗಳ ಅಂಗಾಂಶದ ಮಾದರಿಗಳನ್ನು ಕಾಪಿಡುವ ಖರ್ಚಿಗೆ. "ಸಂಬಳಕ್ಕೆ ಹೋಯಿತಾ?" ಎಂದು ಮುಖ ಸಿಂಡರಿಸುವವರಿದ್ದಾರೆ. ಕೋಶಗಳನ್ನು ರಾತ್ರಿ ಹಗಲು ನೋಡಿಕೊಳ್ಳುವವರಿಗೆ ಸಂಬಳ ಕೊಡದೆ ಸಂಶೋಧನೆ ಮಾಡುವ ಉಪಾಯ ಇನ್ನೂ ಯಾರಿಗೂ ಹೊಳೆದಿಲ್ಲ. ಸಾರ್ವಜನಿಕರ ಹಣಕ್ಕೆ ಇಲ್ಲಿ ಇನ್ನೊಂದು ಬೆಲೆಯೂ ಇದೆ. ಸರ್ಕಾರದ ದೊಡ್ಡ ಅನುದಾನ ಬೇಕಾದರೆ ಆರಂಭದ ಫಲಿತಾಂಶ ತೋರಿಸಬೇಕು. ಆ ಆರಂಭದ ಪ್ರಯೋಗಕ್ಕೇ ಕಾಸಿರುವುದಿಲ್ಲ. ಅಲ್ಲಿ ದೇಣಿಗೆ ಕೈಹಿಡಿಯುತ್ತದೆ.

ಖರ್ಚಿನ ಪ್ರಶ್ನೆಗೆ ಜಗತ್ತು ಮೂರು ಬಗೆಯ ಉತ್ತರ ಕಂಡುಕೊಂಡಿದೆ. ಒಂದು ಟೆರಿಯ ಹೆಸರಿನ ಓಟ: 1981ರ ಸೆಪ್ಟೆಂಬರಿನಲ್ಲಿ, ಅವನು ತೀರಿಕೊಂಡ ವರ್ಷವೇ ಶುರುವಾದದ್ದು. ಅದರಲ್ಲಿ ಸ್ಪರ್ಧೆಯಿಲ್ಲ, ಪ್ರವೇಶ ಶುಲ್ಕವಿಲ್ಲ, ಇಷ್ಟೇ ಕೊಡಬೇಕೆಂಬ ಕಟ್ಟಳೆಯಿಲ್ಲ. ಓಡಿ, ನಡೆಯಿರಿ, ಸೈಕಲ್ ತುಳಿಯಿರಿ. ಸ್ವಯಂಸೇವಕರ ಮೇಲೆ ನಿಂತ ಈ ಏರ್ಪಾಡು ಇದುವರೆಗೆ 85 ಕೋಟಿ ಕೆನಡಾ ಡಾಲರಿಗೂ ಹೆಚ್ಚು ಕೂಡಿಸಿದೆ.

ಎರಡನೆಯದು ಅಮೆರಿಕದ ಮ್ಯಾಸಚೂಸೆಟ್ಸ್‌ನ ಪ್ಯಾನ್ ಮ್ಯಾಸ್ ಚಾಲೆಂಜ್ ಎಂಬ ಸೈಕಲ್ ಸವಾರಿ. ತಾಯಿಯನ್ನು ಕ್ಯಾನ್ಸರಿಗೆ ಕಳೆದುಕೊಂಡ ಬಿಲ್ಲಿ ಸ್ಟಾರ್ 1980ರಲ್ಲಿ 36 ಜನರೊಂದಿಗೆ ಹೊರಟು 10,200 ಡಾಲರ್ ತಂದರು. ಈಗ ಪ್ರತಿ ಆಗಸ್ಟಿನಲ್ಲಿ ಆರು ಸಾವಿರಕ್ಕೂ ಹೆಚ್ಚು ಸವಾರರು. 2024ರಲ್ಲಿ ಒಟ್ಟು ಮೊತ್ತ 100 ಕೋಟಿ ಡಾಲರ್ ದಾಟಿತು. ಹಣ ಹೋಗುವುದು ಸಿಡ್ನಿ ಫಾರ್ಬರ್ ಕಟ್ಟಿದ ಡಾನಾ ಫಾರ್ಬರ್ ಸಂಸ್ಥೆಗೇ. ಇಲ್ಲಿನ ಕರಾರು ಬಿಗಿ. ಪ್ರತಿ ಸವಾರ ಕೆಲವು ಸಾವಿರ ಡಾಲರ್ ತರುತ್ತೇನೆಂದು ಮೊದಲೇ ಒಪ್ಪಬೇಕು. ಕಡಿಮೆ ಬಿದ್ದರೆ ಅವನದೇ ಕ್ರೆಡಿಟ್ ಕಾರ್ಡಿನಿಂದ ಕತ್ತರಿಸುತ್ತಾರೆ. ಸವಾರರು ತಂದದ್ದರಲ್ಲಿ ನೂರಕ್ಕೆ ನೂರು ಸಂಸ್ಥೆಗೆ. ಊಟ, ನೀರು, ರಸ್ತೆ ಕಾವಲು, ಕಚೇರಿಯ ಖರ್ಚು ನೋಂದಣಿ ಶುಲ್ಕದಿಂದಲೂ ಪ್ರಾಯೋಜಕರಿಂದಲೂ. ದಾನಿಗೆ ಇದಕ್ಕಿಂತ ಸ್ಪಷ್ಟವಾದ ಮಾತು ಬೇಡ. ನನ್ನನ್ನು ಕೇಳಿದರೆ ಇದೇ ಒಳ್ಳೆಯ ಮಾದರಿ, ಆದರೆ ಪ್ರಾಯೋಜಕರಿಲ್ಲದ ಕಡೆ ನಡೆಯುವುದಿಲ್ಲ.

ಮೂರನೆಯದು ಲಂಡನ್ನಿನಂಥ ದೊಡ್ಡ ಮ್ಯಾರಥಾನ್‌ಗಳದು. ದತ್ತಿ ಸಂಸ್ಥೆ ಆಯೋಜಕರಿಂದ ಬಿಬ್‌ಗಳನ್ನು, ಅಂದರೆ ಓಟಗಾರರ ಎದೆಯ ಮೇಲಿನ ನಂಬರ್ ಪಟ್ಟಿಗಳನ್ನು, ಕೊಂಡುಕೊಂಡು, ಇಂತಿಷ್ಟು ಹಣ ಕೂಡಿಸಿಕೊಡುವವರಿಗೆ ಹಂಚುತ್ತದೆ. ದೇಣಿಗೆಯ ಮೊದಲ ಪಾಲು ಆ ಬಿಬ್ಬಿನ ಬೆಲೆಗೇ ಹೋಗುತ್ತದೆಂಬುದು ದಾನಿಗೆ ನೆನಪಿರಲಿ.

ನಮ್ಮಲ್ಲಿ 2004ರಿಂದ ಮುಂಬೈ ಮ್ಯಾರಥಾನ್, 2008ರಿಂದ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟ ಈ ದಾರಿಯಲ್ಲಿವೆ. ಆಯೋಜಕರು ದೇಣಿಗೆಯ ಹೊಣೆಯನ್ನು ಒಂದು ಪಾಲುದಾರ ಸಂಸ್ಥೆಗೆ ಕೊಟ್ಟಿರುತ್ತಾರೆ. ಅದರಲ್ಲಿ ನೋಂದಾಯಿಸಿದ ಸಂಸ್ಥೆಗಳಲ್ಲಿ ಒಂದನ್ನು ಓಟಗಾರ ಆರಿಸಿಕೊಂಡು ತನ್ನ ಹೆಸರಿನ ಪುಟ ತೆರೆಯುತ್ತಾನೆ. ಇಲ್ಲೊಂದು ತೊಡಕು. ನಮ್ಮಲ್ಲಿ ಕ್ಯಾನ್ಸರಿಗೆಂದು ಕೊಟ್ಟ ಹಣ ಹೆಚ್ಚಾಗಿ ಬಡ ರೋಗಿಗಳ ಚಿಕಿತ್ಸೆಗೆ, ಔಷಧಕ್ಕೆ, ವಸತಿಗೆ ಹೋಗುತ್ತದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಅಂಗಳದಲ್ಲಿ ಚಾಪೆ ಹಾಸಿಕೊಂಡು ಕಾಯುವ ಊರಕಡೆಯ ಜನರನ್ನು ನೋಡಿದವರು ಅದನ್ನು ತಪ್ಪೆನ್ನಲಾರರು. ಆದರೆ ನೀವು "ಸಂಶೋಧನೆಗೆ" ಎಂದು ಕೇಳಿದ್ದರೆ ಹಣ ಸಂಶೋಧನೆಗೇ ಹೋಗಬೇಕು. ಅದಕ್ಕೆ ಸಂಸ್ಥೆಯಿಂದ ಮೊದಲೇ ಒಂದು ಪತ್ರ ಪಡೆಯಿರಿ: ಯಾವ ವಿಭಾಗ, ಯಾವ ಕೆಲಸ, ವರದಿ ಯಾವಾಗ. ಕ್ಯಾನ್ಸರ್ ಗೆದ್ದ ಸೈಕಲ್ ಪಟು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಹೆಸರಿನ ಪ್ರತಿಷ್ಠಾನದ ಹಳದಿ ಕೈಪಟ್ಟಿಯನ್ನು ಕೋಟಿಗಟ್ಟಲೆ ಜನ ಕೊಂಡರು. ಪ್ರಯೋಗಾಲಯಕ್ಕೆಂದೇ ನಂಬಿದವರು ಅವರಲ್ಲಿ ಬಹಳ. ಆದರೆ ಆ ಪ್ರತಿಷ್ಠಾನದ ಮುಖ್ಯ ಕೆಲಸ ರೋಗಿಗಳಿಗೆ ನೆರವು, ಮಾಹಿತಿ.

ಹಣ ನಿಮ್ಮ ಫೋನ್‌ಪೇ ನಂಬರಿಗೆ ಬರಬಾರದು, ಎಷ್ಟೇ ಆಪ್ತರು ಕೊಟ್ಟರೂ. ಅದು ಸಂಸ್ಥೆಯ ಖಾತೆಗೇ ಹೋಗಿ ದಾನಿಯ ಹೆಸರಿಗೆ ರಶೀದಿ ಬರಬೇಕು. 80ಜಿ ಎಂದು ಎಲ್ಲರೂ ಕರೆಯುವ ತೆರಿಗೆ ರಿಯಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ. ನಗದಿನಲ್ಲಿ ಕೊಟ್ಟರೆ 2,000 ರೂಪಾಯಿಯ ಮೇಲೆ ಸಿಗುವುದಿಲ್ಲ. ದಾನಿಯ ಪ್ಯಾನ್ ಬೇಕು. ಅಂತರಜಾಲದ ದೇಣಿಗೆ ತಾಣಗಳಾದರೆ ತಮ್ಮ ಪಾಲು ಎಷ್ಟು ಹಿಡಿಯುತ್ತವೆಂದು ಮೊದಲೇ ನೋಡಿ. ವಿದೇಶದಲ್ಲಿರುವ ಕನ್ನಡಿಗರು ಎಡವುವುದು ಬೇರೆ ಕಡೆ: ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ಬ್ಯಾಂಕಿನ ಮೂಲಕ ಕಳಿಸುವ ಸ್ವಂತ ಹಣ ವಿದೇಶಿ ದೇಣಿಗೆಯಲ್ಲ; ಬೇರೆ ದೇಶದ ಪೌರತ್ವ ಪಡೆದವರದು, ಒಸಿಐ ಕಾರ್ಡಿದ್ದರೂ, ವಿದೇಶಿ ದೇಣಿಗೆಯೇ. ಅದನ್ನು ಪಡೆಯಲು ಸಂಸ್ಥೆಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ, ನೋಂದಣಿ ಇರಬೇಕು.

ಕೇಳುವುದೇ ಕಷ್ಟದ ಕೆಲಸ. ಸೊನ್ನೆ ತೋರಿಸುವ ಪುಟಕ್ಕೆ ಮೊದಲ ಹಣ ಹಾಕಲು ಯಾರೂ ಮುಂದೆ ಬರುವುದಿಲ್ಲ, ಹಾಗಾಗಿ ಮೊದಲು ನಿಮ್ಮದು, ಆಮೇಲೆ ಮನೆಯವರದು, ಅನಂತರ ಉಳಿದವರ ಸರದಿ. ವಾಟ್ಸಾಪ್ ಗುಂಪಿಗೆ ಒಂದೇ ಸಂದೇಶ ಎಸೆಯುವ ಬದಲು ಒಬ್ಬೊಬ್ಬರಿಗೂ ಬರೆದರೆ ಬೇರೆಯೇ ಫಲ: "ಮಂಜಣ್ಣ, ನನ್ನ ಕಿಮೋ ನಡೆವಾಗ ನೀವು ವಾರವಾರ ಆಸ್ಪತ್ರೆಗೆ ಕಾರು ತಂದಿರಿ. ಈ ಸಲ ಹತ್ತು ಕಿಲೋಮೀಟರ್ ಓಡ್ತಿದ್ದೀನಿ, ಕಿಲೋಮೀಟರಿಗೆ ನೂರು ರೂಪಾಯಿಯಂತೆ ಸಂಶೋಧನೆಗೆ ಕೊಡ್ತೀರಾ?" ಎಷ್ಟು, ಯಾತಕ್ಕೆ, ಯಾವ ದಿನದೊಳಗೆ ಎಂಬುದು ಅದರಲ್ಲಿರಲಿ. ರೋಗದ ವಿವರ ಎಷ್ಟು ಹೇಳಬೇಕೆಂಬುದು ನಿಮ್ಮ ಇಷ್ಟ. ಕರುಣೆ ಹುಟ್ಟಿಸುವುದಕ್ಕಾಗಿ ಹಳೆಯ ಫೋಟೋ ಹಾಕಬೇಕಿಲ್ಲ.

ಕೊನೆಗೆ ದೇಹದ ವಿಚಾರ, ಅದು ಕೊನೆಯಲ್ಲಿದ್ದರೂ ಮೊದಲು ಮಾಡಬೇಕಾದದ್ದು. ಡಾಕ್ಸೊರೂಬಿಸಿನ್, ವಾರ್ಡಿನಲ್ಲಿ ಕೆಂಪು ಔಷಧ ಎನ್ನುತ್ತಾರಲ್ಲ, ಅದು ಹೃದಯದ ಸ್ನಾಯುವನ್ನು ದುರ್ಬಲಗೊಳಿಸಬಹುದು, ಕೆಲವೊಮ್ಮೆ ವರ್ಷಗಳ ನಂತರ. ಬ್ಲಿಯೋಮೈಸಿನ್ ಶ್ವಾಸಕೋಶಕ್ಕೆ ತೊಂದರೆ ಕೊಡಬಲ್ಲದು. ಪ್ಯಾಕ್ಲಿಟ್ಯಾಕ್ಸಲ್, ಆಕ್ಸಾಲಿಪ್ಲಾಟಿನ್ ಪಡೆದವರಿಗೆ ಪಾದ ಜೋಮು ಹಿಡಿದಂತಿದ್ದು, ಶೂ ಕಚ್ಚಿ ಬೊಬ್ಬೆ ಎದ್ದರೂ ತಿಳಿಯುವುದಿಲ್ಲ. ಟೆರಿಯ ಹೃದಯ ಹಿಗ್ಗಿದೆಯೆಂದು ಹೊರಡುವ ಮೊದಲೇ ವೈದ್ಯರು ಎಚ್ಚರಿಸಿದ್ದರು. ದಾರಿಯಲ್ಲಿ ತಪಾಸಣೆಗಳನ್ನು ಅವನು ತಪ್ಪಿಸಿದ. ಅವನ ಧೈರ್ಯಕ್ಕೆ ಕೈಮುಗಿಯಬೇಕು, ಆ ಒಂದು ವಿಷಯದಲ್ಲಿ ಮಾತ್ರ ಅವನನ್ನು ಹಿಂಬಾಲಿಸಬಾರದು.

ವ್ಯಾಯಾಮವೇ ಬೇಡವೆಂದಲ್ಲ. 2025ರಲ್ಲಿ ಪ್ರಕಟವಾದ ಚಾಲೆಂಜ್ ಎಂಬ ಅಧ್ಯಯನದಲ್ಲಿ ಕಿಮೋ ಮುಗಿಸಿದ 889 ದೊಡ್ಡ ಕರುಳಿನ ಕ್ಯಾನ್ಸರ್ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೂರು ವರ್ಷ ಮಾರ್ಗದರ್ಶನದ ವ್ಯಾಯಾಮ, ಇನ್ನೊಂದಕ್ಕೆ ಬರೀ ತಿಳಿವಳಿಕೆಯ ಪುಸ್ತಿಕೆ. ಐದು ವರ್ಷಗಳ ನಂತರ ರೋಗವಿಲ್ಲದೆ ಇದ್ದವರು ಮೊದಲನೆಯದರಲ್ಲಿ ಶೇಕಡಾ 80.3, ಎರಡನೆಯದರಲ್ಲಿ 73.9. ಇದನ್ನು ನಡೆಸಿದ್ದು ಕೆನಡಾದ ತಂಡ, ಹಣ ಕೊಟ್ಟವರಲ್ಲಿ ಕೆನಡಾದ ಕ್ಯಾನ್ಸರ್ ಸೊಸೈಟಿಯೂ ಇತ್ತು, ಟೆರಿ ಓಡಿದ್ದೂ ಅದಕ್ಕಾಗಿಯೇ. ಆ ವ್ಯಾಯಾಮದಲ್ಲಿ ಮ್ಯಾರಥಾನ್ ಇರಲಿಲ್ಲ. ಚುರುಕು ನಡಿಗೆಯಂಥದ್ದೇ ಹೆಚ್ಚಿನವರಿಗೆ ಸಾಕಾಯಿತು. ಆದ್ದರಿಂದ ನೋಂದಣಿಗೆ ಮೊದಲು ನಿಮ್ಮ ಕ್ಯಾನ್ಸರ್ ವೈದ್ಯರನ್ನು ಕಂಡು, ಪಡೆದ ಔಷಧಗಳ ಪಟ್ಟಿ ತೋರಿಸಿ, ಅವರು ಬೇಕೆಂದರೆ ಹೃದಯದ ಎಕೋ ಮಾಡಿಸಿ. ಐದು ಕಿಲೋಮೀಟರ್ ನಡಿಗೆಗಷ್ಟೇ ಒಪ್ಪಿದರೆ ಅಷ್ಟಕ್ಕೇ ಹೆಸರು ಕೊಡಿ. ದೇಣಿಗೆ ಪುಟದಲ್ಲಿ ದೂರ ಕೇಳುವವರು ಕಡಿಮೆ.