ಗುರುಗಳಿಲ್ಲದ ಇನ್ನೂರಿಪ್ಪತ್ತು ವರ್ಷಗಳು: ನಾಗಸಾಕಿಯ ಗುಪ್ತ ಕ್ರೈಸ್ತರು

ನಾಗಸಾಕಿ ಎಂಬ ಹೆಸರನ್ನು ಕೇಳಿದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು 1945ರ ಅಣುಬಾಂಬು. ಆ ಬಾಂಬು ಸಿಡಿದದ್ದು ಉರಕಾಮಿ ಎಂಬ ಕಣಿವೆಯ ಮೇಲೆ. ಆ ಕಣಿವೆಯು ಜಪಾನಿನ ಕಥೋಲಿಕ ವಿಶ್ವಾಸದ ತವರಾಗಿತ್ತೆಂಬುದು, ಅಲ್ಲಿನ ಬಡ ರೈತರು ಒಬ್ಬ ಗುರುವೂ ಇಲ್ಲದೆ, ಒಂದು ದೇವಾಲಯವೂ ಇಲ್ಲದೆ ಇನ್ನೂರಕ್ಕೂ ಹೆಚ್ಚು ವರ್ಷ ಆ ವಿಶ್ವಾಸವನ್ನು ಕಾಪಾಡಿಕೊಂಡು ಬಂದಿದ್ದರೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಧರ್ಮಸಭೆಯ ಚರಿತ್ರೆಯಲ್ಲಿ ಇದಕ್ಕೆ ಸಾಟಿಯಾದ ಅಧ್ಯಾಯಗಳು ವಿರಳ.

ಜಪಾನಿನ ನಾಲ್ಕು ಮುಖ್ಯ ದ್ವೀಪಗಳಲ್ಲಿ ತೆಂಕಣದ್ದು ಕ್ಯೂಷು. ಅದರ ಪಡುವಣ ತುದಿಯಲ್ಲಿ ನಾಗಸಾಕಿ ಪ್ರಾಂತವಿದೆ. ಕಡಲು ನೂರಾರು ಕಡೆ ನೆಲದೊಳಕ್ಕೆ ನುಗ್ಗಿ ಕೊಲ್ಲಿಗಳನ್ನು ಕೊರೆದಿದೆ. ಬೆಟ್ಟಗಳು ನೇರವಾಗಿ ನೀರಿಗಿಳಿಯುತ್ತವೆ. ಸಮತಟ್ಟಾದ ಗದ್ದೆಗಳು ಕಡಿಮೆ. ಅಲ್ಲಿಂದ ಪಶ್ಚಿಮಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿ ಗೊತೊ ದ್ವೀಪಗಳಿವೆ. ಗೊತೊ ಎಂದರೆ 'ಐದು ದ್ವೀಪಗಳು' ಎಂದರ್ಥವಾದರೂ ಚಿಕ್ಕಪುಟ್ಟವೆಲ್ಲ ಸೇರಿ ಅವುಗಳ ಸಂಖ್ಯೆ ಸುಮಾರು 140. ಚಳಿಗಾಲದಲ್ಲಿ ಅಲ್ಲಿ ಕೆಂಪು ಕಮೀಲಿಯ ಹೂಗಳು ಅರಳುತ್ತವೆ. ಈ ಕೊಲ್ಲಿಗಳ ಮರೆಯಲ್ಲಿ, ಈ ಇಳಿಜಾರುಗಳ ಮೇಲೆ ನಡೆದ ಕಥೆಯಿದು.

ಗೋವೆಯಿಂದ ಕಗೊಷಿಮಕ್ಕೆ

ಈ ಕಥೆಯ ಮೊದಲ ಹೆಜ್ಜೆ ನಮ್ಮ ನಾಡಿನ ನೆರೆಯಲ್ಲೇ ಇದೆ. ಅಂಜಿರೊ ಎಂಬ ಜಪಾನೀಯನು 1547ರಲ್ಲಿ ಮಲಾಕ್ಕದಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರನ್ನು ಭೇಟಿಯಾದನು. ಮರುವರ್ಷ ಆತನು ಗೋವೆಯಲ್ಲಿ ಜ್ಞಾನಸ್ನಾನ ಪಡೆದು ಪೌಲನೆಂಬ ಹೆಸರನ್ನು ತಾಳಿದನು. ಈತನನ್ನು ಜೊತೆಗೆ ಕರೆದುಕೊಂಡು ಸಂತರು 1549ರ ಆಗಸ್ಟ್ 15ರಂದು, ಮಾತೆ ಮರಿಯಳ ಸ್ವರ್ಗಸ್ವೀಕಾರದ ಹಬ್ಬದಂದೇ, ಕ್ಯೂಷುವಿನ ಕಗೊಷಿಮ ಬಂದರಿನಲ್ಲಿ ಇಳಿದರು. ಅವರು ಜಪಾನಿನಲ್ಲಿದ್ದದ್ದು ಎರಡೇ ವರ್ಷ. ಆದರೆ ಬಿತ್ತಿದ ಬೀಜ ಬೇಗ ಬೇರುಬಿಟ್ಟಿತು. ಒಮುರ ಪ್ರಾಂತದ ಸಾಮಂತ ಸುಮಿತಾದ 1563ರಲ್ಲಿ ಕ್ರೈಸ್ತನಾದನು. 1571ರಲ್ಲಿ ಆತನ ಸೀಮೆಯಲ್ಲಿದ್ದ ನಾಗಸಾಕಿಯನ್ನು ಪೋರ್ಚುಗೀಸ್ ಹಡಗುಗಳಿಗೆ ತೆರೆಯಲಾಯಿತು. ಹದಿನೇಳನೆಯ ಶತಮಾನದ ಆರಂಭದ ವೇಳೆಗೆ ಜಪಾನಿನ ಕ್ರೈಸ್ತರ ಸಂಖ್ಯೆ ಸುಮಾರು 3 ಲಕ್ಷಕ್ಕೆ ಏರಿತ್ತೆಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ.

ಆ ಕಾಲದ ಗುರುತುಗಳು ಜಪಾನೀ ಭಾಷೆಯಲ್ಲಿ ಇಂದಿಗೂ ಉಳಿದಿವೆ. ನಮ್ಮ ಕರಾವಳಿಯ ಕೊಂಕಣಿಗರು 'ಪಾವ್' ಎನ್ನುವ ರೊಟ್ಟಿಗೆ ಜಪಾನೀಯರು 'ಪಾನ್' ಎನ್ನುತ್ತಾರೆ. ಎರಡಕ್ಕೂ ಮೂಲ ಒಂದೇ ಪೋರ್ಚುಗೀಸ್ ಪದ. ಕನ್ನಡದಲ್ಲಿ 'ಪಾದ್ರಿ'ಯಾದ ಶಬ್ದವೇ ಅಲ್ಲಿ 'ಬಾತೆರೆನ್' ಆಯಿತು.

ಆದರೆ ರಾಜಕೀಯದ ಗಾಳಿ ಬದಲಾಯಿತು. ಪರದೇಶದ ಧರ್ಮದ ಬೆನ್ನಿಗೆ ಪರದೇಶದ ಸೈನ್ಯವೂ ಬಂದೀತೆಂಬ ಶಂಕೆ ಆಳರಸರಲ್ಲಿ ಮೂಡಿತು. 1587ರಲ್ಲಿ ದಂಡನಾಯಕ ಹಿದೆಯೋಷಿ ಗುರುಗಳ ಗಡೀಪಾರಿಗೆ ಆಜ್ಞೆ ಹೊರಡಿಸಿದನು. ಹತ್ತು ವರ್ಷಗಳ ತರುವಾಯ, 1597ರ ಫೆಬ್ರವರಿ 5ರಂದು, ನಾಗಸಾಕಿಯ ನಿಷಿಜಾಕ ಗುಡ್ಡದ ಮೇಲೆ 26 ಮಂದಿಯನ್ನು ಶಿಲುಬೆಗೇರಿಸಲಾಯಿತು. ಚಳಿಗಾಲದ ಕೊರೆತದಲ್ಲಿ ಅವರನ್ನು ಕ್ಯೋತೊ ನಗರದಿಂದ ಅಲ್ಲಿಯವರೆಗೆ ನಡೆಸಿಕೊಂಡು ಬರಲಾಗಿತ್ತು. ಅವರಲ್ಲಿ 20 ಮಂದಿ ಜಪಾನೀಯರು. ಲೂಯಿಸ್ ಇಬಾರಕಿ ಎಂಬ ಬಾಲಕನಿಗೆ ಹನ್ನೆರಡೇ ವರ್ಷ. ಮತ್ತೊಬ್ಬರು ನಮ್ಮ ದೇಶದವರೇ. ಮುಂಬಯಿಯ ಸಮೀಪದ ವಸಾಯಿಯಲ್ಲಿ ಪೋರ್ಚುಗೀಸ್ ತಂದೆಗೂ ಭಾರತೀಯ ತಾಯಿಗೂ ಜನಿಸಿ, ಫ್ರಾನ್ಸಿಸ್ಕನ್ ಸಭೆಯ ಸಹೋದರರಾಗಿ, ಜಪಾನೀ ಭಾಷೆಯಲ್ಲಿ ನಿರರ್ಗಳವಾಗಿ ಮಾತನಾಡುತ್ತಿದ್ದ ಗೊನ್ಸಾಲೊ ಗಾರ್ಸಿಯ ಅವರೇ ಆ ರಕ್ತಸಾಕ್ಷಿ. 1862ರಲ್ಲಿ ಒಂಬತ್ತನೆಯ ಭಕ್ತಿನಾಥ ಜಗದ್ಗುರುಗಳು ಈ 26 ಮಂದಿಯನ್ನು ಸಂತರೆಂದು ಘೋಷಿಸಿದಾಗ ಭಾರತದಲ್ಲಿ ಹುಟ್ಟಿದವರಲ್ಲಿ ಮೊದಲ ಸಂತರೆಂಬ ಗೌರವ ಅವರಿಗೆ ಸಂದಿತು.

ತುಳಿದವರ ಕಥೆ

1614ರಲ್ಲಿ ತೊಕುಗಾವ ಷೋಗನರು ಕ್ರೈಸ್ತಧರ್ಮವನ್ನು ದೇಶಾದ್ಯಂತ ನಿಷೇಧಿಸಿದರು. 1622ರಲ್ಲಿ ನಾಗಸಾಕಿಯಲ್ಲಿ ಒಂದೇ ದಿನ 55 ಮಂದಿಯನ್ನು ಕೊಲ್ಲಲಾಯಿತು. 1637ರಲ್ಲಿ ಷಿಮಬಾರದ ರೈತರು ತೆರಿಗೆಯ ಭಾರವನ್ನೂ ಧರ್ಮಪೀಡನೆಯನ್ನೂ ತಾಳಲಾರದೆ ಬಂಡೆದ್ದಾಗ ಅವರನ್ನು ನಿರ್ದಯವಾಗಿ ಹತ್ತಿಕ್ಕಲಾಯಿತು. 1639ರಲ್ಲಿ ಪೋರ್ಚುಗೀಸ್ ಹಡಗುಗಳಿಗೆ ಬಂದರುಗಳು ಮುಚ್ಚಿದವು. ನಾಡಿನಲ್ಲಿ ಉಳಿದಿದ್ದ ಕೊನೆಯ ಗುರು, ಜಪಾನೀಯರೇ ಆದ ಮಾನ್ಸಿಯೊ ಕೊನಿಷಿ, 1644ರಲ್ಲಿ ಪ್ರಾಣ ತೆತ್ತರು. ಅಲ್ಲಿಗೆ ಬಲಿಪೂಜೆ ನಿಂತಿತು, ಪರಮಪ್ರಸಾದವಿಲ್ಲ, ಪಾಪನಿವೇದನೆಯಿಲ್ಲ.

ಪ್ರತಿಯೊಂದು ಕುಟುಂಬವೂ ಒಂದು ಬೌದ್ಧ ದೇವಾಲಯದಲ್ಲಿ ಹೆಸರು ನೋಂದಾಯಿಸಬೇಕೆಂಬ ಕಟ್ಟಳೆ ಬಂತು. ಅದಕ್ಕಿಂತ ಕ್ರೂರವಾದುದು 'ಫುಮಿಯೆ' ಎಂಬ ಪರೀಕ್ಷೆ. ಪ್ರಭು ಕ್ರಿಸ್ತರ ಅಥವಾ ಮಾತೆ ಮರಿಯಳ ರೂಪವಿದ್ದ ಫಲಕವನ್ನು ನೆಲದ ಮೇಲಿಟ್ಟು ಪ್ರಜೆಗಳಿಂದ ತುಳಿಸುತ್ತಿದ್ದರು. ನಾಗಸಾಕಿಯ ಸೀಮೆಯಲ್ಲಿ ಇದು ಹೊಸ ವರ್ಷದ ಆರಂಭದಲ್ಲಿ ವರ್ಷ ವರ್ಷವೂ ನಡೆಯುವ ವಿಧಿಯಾಯಿತು. ತುಳಿಯಲು ಹಿಂಜರಿದವರನ್ನು ಸೆರೆಮನೆ ಕಾದಿತ್ತು.

ರಕ್ತಸಾಕ್ಷಿಗಳನ್ನು ನಾವು ಪೀಠಗಳ ಮೇಲಿರಿಸಿ ಗೌರವಿಸುತ್ತೇವೆ. ಅದು ಯುಕ್ತವೇ ಸರಿ. ಆದರೆ ಬದುಕಿ ಉಳಿದವರು ತುಳಿದವರು. ನಡುಗುವ ಕಾಲಿನಿಂದ ತುಳಿದು, ಮನೆಗೆ ಮರಳಿ, ಬಾಗಿಲು ಮುಚ್ಚಿಕೊಂಡು ಪಶ್ಚಾತ್ತಾಪದ ಪ್ರಾರ್ಥನೆಯನ್ನು ಮಾಡುತ್ತಿದ್ದರು. ಗುರುಗಳು ದೊರೆಯದ ಸಂದರ್ಭದಲ್ಲಿ ಮನಃಪೂರ್ವಕ ಪಶ್ಚಾತ್ತಾಪದಿಂದ ದೇವರ ಕ್ಷಮೆ ದೊರೆಯುವುದೆಂದು ಬೋಧಿಸುವ ಕಿರುಹೊತ್ತಗೆಯೊಂದು 1603ರಲ್ಲೇ ಜಪಾನೀ ಭಾಷೆಯಲ್ಲಿ ಸಿದ್ಧವಾಗಿತ್ತು. ಅದನ್ನು ಕೈಬರಹದಲ್ಲಿ ನಕಲು ಮಾಡಿ, ಅಡಗಿಸಿ, ತಲೆಮಾರಿನಿಂದ ತಲೆಮಾರಿಗೆ ದಾಟಿಸಲಾಯಿತು. ಶೂಸಾಕು ಎಂದೊ ಅವರು 1966ರಲ್ಲಿ ಬರೆದ 'ಮೌನ' ಎಂಬ ಕಾದಂಬರಿಯು ಎದುರಿಸುವುದು ಈ ಸಂಕಟವನ್ನೇ. ಬೀಳುವುದು, ಅತ್ತು ಏಳುವುದು, ಮರುವರ್ಷ ಮತ್ತೆ ಬೀಳುವುದು: ಹೀಗೆ ಏಳು ತಲೆಮಾರು ಸಾಗಿದವು.

ಪಂಚಾಂಗದವನು, ನೀರಿನವನು

ಗುರುಗಳಿಲ್ಲದ ಈ ಸಭೆಯನ್ನು ನಡೆಸಿದವರು ಯಾರು? ಉರಕಾಮಿಯ ರೈತರು ತಮ್ಮೊಳಗೇ ಮೂರು ಬಗೆಯ ಸೇವಕರನ್ನು ನೇಮಿಸಿಕೊಂಡಿದ್ದರು. ಹಬ್ಬಗಳ ದಿನಗಳನ್ನು ಲೆಕ್ಕ ಹಾಕಿ ಇಡುವವನು ಒಬ್ಬ. ಶಿಶುಗಳಿಗೆ ಜ್ಞಾನಸ್ನಾನ ಕೊಡುವ 'ನೀರಿನವನು' ಒಬ್ಬ. ಮನೆಮನೆಗೆ ಸುದ್ದಿ ಮುಟ್ಟಿಸುವವನು ಮತ್ತೊಬ್ಬ. ಹಗಲು ಇವರೂ ಇತರರಂತೆ ಗೆಣಸು ಬೆಳೆಯುವ ಒಕ್ಕಲಿಗರು. ಅವಶ್ಯಕತೆ ಒದಗಿದಾಗ ಯಾವ ವಿಶ್ವಾಸಿಯೂ ಜ್ಞಾನಸ್ನಾನ ಕೊಡಬಹುದೆಂಬ ಧರ್ಮಸಭೆಯ ಬೋಧನೆಯೇ ಅವರ ಆಧಾರ.

ಹಬ್ಬದ ಲೆಕ್ಕಕ್ಕೆ ಅವರ ಬಳಿ 1634ರ ಒಂದು ಪಂಚಾಂಗವಿತ್ತು. ಅದನ್ನು ಬಿಟ್ಟುಹೋದವನು ಬಾಸ್ತಿಯನ್ ಎಂಬ ಜಪಾನೀ ಉಪದೇಶಿಯೆಂದು ಪ್ರತೀತಿ. ಏಳು ತಲೆಮಾರು ಕಳೆದ ಮೇಲೆ ದೊಡ್ಡ ಕಪ್ಪು ಹಡಗುಗಳಲ್ಲಿ ಪಾಪನಿವೇದನೆ ಕೇಳುವ ಗುರುಗಳು ಬರುವರೆಂದು ಆತನು ಸಾಯುವ ಮುನ್ನ ನುಡಿದಿದ್ದನೆಂದು ಹಿರಿಯರು ಮಕ್ಕಳಿಗೆ ಹೇಳುತ್ತಿದ್ದರು.

ಮನೆಯ ಗೂಡಿನಲ್ಲಿ ಬಿಳಿಯ ಪಿಂಗಾಣಿಯ ಕನ್ನೋನ್ ವಿಗ್ರಹವಿರುತ್ತಿತ್ತು. ನಮ್ಮ ದೇಶದ ಬೌದ್ಧರ ಅವಲೋಕಿತೇಶ್ವರನೇ ಜಪಾನಿನಲ್ಲಿ ಕನ್ನೋನ್ ಎಂಬ ಕರುಣಾಮೂರ್ತಿ. ಮಗುವನ್ನೆತ್ತಿಕೊಂಡ ಆ ಸ್ತ್ರೀರೂಪವನ್ನು ಅಧಿಕಾರಿಗಳು ಕಂಡರೆ ಕನ್ನೋನ್. ಮನೆಯವರಿಗೆ ಮಾತೆ ಮರಿಯ. 'ಒರಾಶೊ' ಎಂಬ ಪ್ರಾರ್ಥನೆಗಳಲ್ಲಿ ಲ್ಯಾಟಿನ್, ಪೋರ್ಚುಗೀಸ್ ಮಾತುಗಳು ಅರ್ಥ ಮರೆತ ಮೇಲೂ ನಾಲಿಗೆಯಿಂದ ನಾಲಿಗೆಗೆ ಇಳಿದು ಬಂದವು.

1797ರಿಂದ ಆರಂಭಿಸಿ, ಒಮುರ ಪ್ರಾಂತದ ಸೊತೊಮೆ ಕರಾವಳಿಯಿಂದ ಸಾವಿರಾರು ರೈತರು ಗೊತೊ ದ್ವೀಪಗಳಿಗೆ ವಲಸೆ ಹೋದರು. ಅವರಲ್ಲಿ ಗುಪ್ತ ಕ್ರೈಸ್ತರೇ ಹೆಚ್ಚು. ಒಳ್ಳೆಯ ಗದ್ದೆಗಳೂ ಮೀನುಗಾರಿಕೆಯ ಕೊಲ್ಲಿಗಳೂ ಮೊದಲೇ ನೆಲೆಸಿದವರ ಪಾಲಾಗಿದ್ದವು. ಇವರಿಗೆ ಉಳಿದದ್ದು ಕಡಿದಾದ ಇಳಿಜಾರು ಮತ್ತು ಯಾರಿಗೂ ಬೇಡವಾದ ಕಡಲಂಚು. ಇಂದು ಗೊತೊದ ದೇವಾಲಯಗಳಲ್ಲಿ ಅನೇಕವು ದಾರಿಯೇ ದುರ್ಗಮವಾದ ಮೂಲೆಗಳಲ್ಲಿರುವುದಕ್ಕೆ ಇದೇ ಕಾರಣ.

ಹದಿನೇಳನೆಯ ದಿನ

1850ರ ದಶಕದಲ್ಲಿ ಜಪಾನಿನ ಬಂದರುಗಳು ಪರದೇಶೀಯರಿಗೆ ಮತ್ತೆ ತೆರೆದವು. ನಾಗಸಾಕಿಯಲ್ಲಿದ್ದ ವಿದೇಶೀಯರಿಗಾಗಿ ಫ್ರೆಂಚ್ ಗುರುಗಳು ಒಉರ ಎಂಬಲ್ಲಿ ಒಂದು ದೇವಾಲಯವನ್ನು ಕಟ್ಟಿ, 1865ರ ಫೆಬ್ರವರಿಯಲ್ಲಿ ಅದನ್ನು 26 ರಕ್ತಸಾಕ್ಷಿಗಳಿಗೆ ಅರ್ಪಿಸಿದರು. ಜಪಾನೀಯರಿಗೆ ಮಾತ್ರ ನಿಷೇಧ ಹಾಗೆಯೇ ಇತ್ತು. ಅದೇ ವರ್ಷದ ಮಾರ್ಚ್ 17ರಂದು ಉರಕಾಮಿಯ ಸುಮಾರು 15 ಮಂದಿ ಹಳ್ಳಿಗರು, ಗಂಡಸರು, ಹೆಂಗಸರು, ಮಕ್ಕಳು, ದೇವಾಲಯದ ಬಾಗಿಲಿಗೆ ಬಂದು ನಿಂತರು. ಕುತೂಹಲದಿಂದ ಬಂದ ಜನರೆಂದೆಣಿಸಿ ಫಾದರ್ ಬರ್ನಾರ್ಡ್ ಪೆತಿಜಾನ್ ಅವರನ್ನು ಒಳಗೆ ಕರೆತಂದರು. ಅವರು ಪೀಠದ ಮುಂದೆ ಮೊಣಕಾಲೂರಿದಾಗ ಸ್ತ್ರೀಯೊಬ್ಬಳು ಹತ್ತಿರ ಬಂದು, ತಮ್ಮೆಲ್ಲರ ಹೃದಯವೂ ಗುರುಗಳ ಹೃದಯವೂ ಒಂದೇ ಎಂದು ಪಿಸುಗುಟ್ಟಿದಳು. ಸಾಂತಾ ಮರಿಯಳ ಪ್ರತಿಮೆ ಎಲ್ಲಿದೆಯೆಂದು ಕೇಳಿದಳು.

ಪ್ರತಿಮೆಯನ್ನು ಕಂಡು ಹರ್ಷಿಸಿದ ಹಳ್ಳಿಗರು ಮತ್ತೊಂದು ಮಾತನ್ನೂ ತಿಳಿಸಿದರು: ಈಗ ನಾವು 'ದುಃಖದ ಕಾಲ'ದಲ್ಲಿದ್ದೇವೆ, ಇಂದು ಅದರ ಹದಿನೇಳನೆಯ ದಿನ. ಆ ವರ್ಷ ವಿಭೂತಿ ಬುಧವಾರ ಬಂದಿದ್ದು ಮಾರ್ಚ್ 1ರಂದು. ಲೆಕ್ಕ ಒಂದು ದಿನವೂ ತಪ್ಪಿರಲಿಲ್ಲ! ಕೊನೆಯ ಗುರುಗಳು ಮಡಿದು 221 ವರ್ಷಗಳಾಗಿದ್ದವು. ಯುರೋಪಿನ ಧರ್ಮಸಭೆ ಆ ದಿನ ಯಾವ ತಪಸ್ಸುಕಾಲವನ್ನು ಆಚರಿಸುತ್ತಿತ್ತೋ ಅದನ್ನೇ ಉರಕಾಮಿಯ ಗುಡಿಸಲುಗಳೂ ಆಚರಿಸುತ್ತಿದ್ದವು.

ಸಂತೋಷ ಬಹುಕಾಲ ಉಳಿಯಲಿಲ್ಲ. ಬಹಿರಂಗವಾಗಿ ವಿಶ್ವಾಸವನ್ನು ಒಪ್ಪಿಕೊಂಡ ತಪ್ಪಿಗೆ 1867ರಿಂದ ಬಂಧನಗಳು ನಡೆದವು. ಮುಂದೆ ಉರಕಾಮಿಯ ಸುಮಾರು 3,400 ಮಂದಿಯನ್ನು, ಎಂದರೆ ಇಡೀ ಊರನ್ನೇ, ದೇಶದ ನಾನಾ ಪ್ರಾಂತಗಳಿಗೆ ಗಡೀಪಾರು ಮಾಡಲಾಯಿತು. ಆರುನೂರಕ್ಕೂ ಹೆಚ್ಚು ಮಂದಿ ಹಸಿವು, ಚಳಿ, ಹಿಂಸೆಗಳಿಂದ ಸತ್ತರು. ಗೊತೊದ ಹಿಸಾಕ ದ್ವೀಪದಲ್ಲಿ ಸುಮಾರು 200 ಮಂದಿಯನ್ನು ಒಂದು ಪುಟ್ಟ ಮನೆಯೊಳಗೆ ಮಲಗಲೂ ಎಡೆಯಿಲ್ಲದಂತೆ ತುಂಬಲಾಯಿತು. ಪಾಶ್ಚಾತ್ಯ ದೇಶಗಳ ಪ್ರತಿಭಟನೆಯ ಫಲವಾಗಿ 1873ರಲ್ಲಿ ನಿಷೇಧದ ಫಲಕಗಳು ಇಳಿದವು. ಮರಳಿ ಬಂದವರು ಆ ಗಡೀಪಾರನ್ನು 'ಪ್ರಯಾಣ' ಎಂದಷ್ಟೇ ಕರೆದರು. ತಾವು ವರ್ಷ ವರ್ಷ ಫಲಕ ತುಳಿದಿದ್ದ ಊರಗೌಡನ ಮನೆಯ ನಿವೇಶನವನ್ನೇ ಕೊಂಡು, 1895ರಲ್ಲಿ ಅಲ್ಲಿ ದೇವಾಲಯದ ಕೆಲಸ ಆರಂಭಿಸಿದರು. ಬಡವರ ಕಾಣಿಕೆಯಿಂದ ಅದು ಮುಗಿಯಲು 1914ರವರೆಗೆ ಹಿಡಿಯಿತು.

ಬೂದಿ ಮತ್ತು ಗಂಟೆ

ಆ ದೇವಾಲಯದಿಂದ ಸುಮಾರು 500 ಮೀಟರ್ ದೂರದಲ್ಲಿ 1945ರ ಆಗಸ್ಟ್ 9ರಂದು ಬೆಳಿಗ್ಗೆ 11 ಗಂಟೆ 2 ನಿಮಿಷಕ್ಕೆ ಬಾಂಬು ಸಿಡಿಯಿತು. ಸ್ವರ್ಗಸ್ವೀಕಾರದ ಹಬ್ಬಕ್ಕೆ ಸಿದ್ಧರಾಗಲು ಪಾಪನಿವೇದನೆಗೆ ಬಂದಿದ್ದವರೂ ಅದನ್ನು ಕೇಳುತ್ತಿದ್ದ ಗುರುಗಳೂ ಅಲ್ಲೇ ಮಡಿದರು. ಉರಕಾಮಿಯ ಸುಮಾರು 12,000 ಕಥೋಲಿಕರಲ್ಲಿ ಸುಮಾರು 8,500 ಮಂದಿ ಸತ್ತರು. ಇನ್ನೂರು ವರ್ಷಗಳ ಪೀಡನೆ ಮಾಡಲಾಗದ್ದನ್ನು ಒಂದು ಕ್ಷಣ ಮಾಡಿತೆಂದು ತೋರಿತು.

ಅಂದು ಸತ್ತವರಲ್ಲಿ ಮಿದೊರಿ ಎಂಬಾಕೆಯೂ ಒಬ್ಬಳು. ಹಬ್ಬದ ದಿನಗಳನ್ನು ಲೆಕ್ಕವಿಡುತ್ತಿದ್ದವರ ವಂಶ ಆಕೆಯದು. ಆಕೆಯ ಮನೆಯಲ್ಲಿ ಬಾಡಿಗೆಗಿದ್ದು ಕ್ರೈಸ್ತ ವಿಶ್ವಾಸವನ್ನು ಅರಿತು, 1934ರಲ್ಲಿ ಜ್ಞಾನಸ್ನಾನ ಪಡೆದು ಆಕೆಯನ್ನು ವರಿಸಿದವರು ಡಾಕ್ಟರ್ ತಕಾಷಿ ನಗಾಯಿ. ಮನೆಯ ಬೂದಿಯಲ್ಲಿ ಅವರಿಗೆ ಸಿಕ್ಕಿದ್ದು ಪತ್ನಿಯ ಎಲುಬುಗಳು ಮತ್ತು ಕರಗಿದ ಜಪಮಾಲೆ. ರಕ್ತದ ಕ್ಯಾನ್ಸರಿನಿಂದ ಹಾಸಿಗೆ ಹಿಡಿದ ಅವರು ಒಂದು ಕಿರುಗುಡಿಸಲಿನಲ್ಲಿ ಮಲಗಿಯೇ ಶಾಂತಿಗಾಗಿ ಪುಸ್ತಕಗಳನ್ನು ಬರೆದು 1951ರಲ್ಲಿ ತೀರಿಕೊಂಡರು. ಅವಶೇಷಗಳಡಿ ಒಡೆಯದೆ ಉಳಿದಿದ್ದ ಒಂದು ಗಂಟೆಯನ್ನು 1945ರ ಕ್ರಿಸ್ಮಸ್ ಮುನ್ನಾರಾತ್ರಿ ವಿಶ್ವಾಸಿಗಳು ಬಾರಿಸಿದರು. ದೇವಾಲಯ 1959ರಲ್ಲಿ ಮತ್ತೆ ಎದ್ದಿತು. ನಾಶವಾಗಿದ್ದ ಇನ್ನೊಂದು ಗಂಟೆಯ ಬದಲಿಗೆ ಅಮೆರಿಕದ ಕಥೋಲಿಕರು ಕೊಡುಗೆಯಾಗಿತ್ತ ಗಂಟೆಯು 2025ರ ಆಗಸ್ಟ್ 9ರಂದು ಅದೇ ಗಳಿಗೆಗೆ ಮೊಳಗಿತು.

ಜಪಾನಿನ ಜನಸಂಖ್ಯೆಯಲ್ಲಿ ಕಥೋಲಿಕರು ಇಂದಿಗೂ ನೂರಕ್ಕೆ ಒಬ್ಬರೂ ಇಲ್ಲ. 1865ರ ಬಳಿಕವೂ ಗುಪ್ತ ಕ್ರೈಸ್ತರಲ್ಲಿ ಅನೇಕರು ಧರ್ಮಸಭೆಗೆ ಮರಳಲಿಲ್ಲ. ಅಜ್ಜಂದಿರು ಕಲಿಸಿದ ಆಚರಣೆಯನ್ನು ಬಿಟ್ಟರೆ ಅಜ್ಜಂದಿರನ್ನೇ ಬಿಟ್ಟಂತೆಂದು ಭಾವಿಸಿ ಇಕಿತ್ಸುಕಿಯಂಥ ದ್ವೀಪಗಳಲ್ಲಿ ತಮ್ಮ ಹಳೆಯ ಒರಾಶೊವನ್ನೇ ಮುಂದುವರಿಸಿದರು. ಈಗ ಅದನ್ನು ಬಲ್ಲವರು ಬೆರಳೆಣಿಕೆಯಷ್ಟು. ಅವರನ್ನು ದೂರಲು ನಮಗೆ ಅಧಿಕಾರವಿಲ್ಲ. ಉರಕಾಮಿ, ಗೊತೊಗಳ ಕತ್ತಲೆಯನ್ನು ನಾವು ಕಂಡವರಲ್ಲ. ಈ ಪ್ರದೇಶದ 12 ತಾಣಗಳನ್ನು 2018ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2019ರ ನವೆಂಬರಿನಲ್ಲಿ ಜಗದ್ಗುರು ಫ್ರಾನ್ಸಿಸರು ನಿಷಿಜಾಕ ಗುಡ್ಡದಲ್ಲಿ ನಿಂತು ಪ್ರಾರ್ಥಿಸಿದರು.

ನಮ್ಮ ಊರುಗಳಲ್ಲಿ ದೇವಾಲಯದ ಗಂಟೆ ದಿನವೂ ಕೇಳಿಸುತ್ತದೆ. ಹಬ್ಬದ ದಿನವನ್ನು ತಿಳಿಸಲು ಗೋಡೆಯ ಮೇಲೆ ಕ್ಯಾಲೆಂಡರ್ ಇದೆ; ಜ್ಞಾನಸ್ನಾನಕ್ಕೆ, ಪಾಪನಿವೇದನೆಗೆ ಗುರುಗಳಿದ್ದಾರೆ. ಇವೆಲ್ಲವೂ ಒಂದು ದಿನ ಇಲ್ಲವಾದರೆ, ನಮ್ಮ ಮನೆಯ ಮಗುವಿಗೆ ಬಾಯಿಪಾಠವಾಗಿ ಬರುವ ಪ್ರಾರ್ಥನೆಗಳೆಷ್ಟು? ತಪಸ್ಸುಕಾಲದ ಹದಿನೇಳನೆಯ ದಿನ ಯಾವುದೆಂದು ಎಣಿಸಿ ಹೇಳಬಲ್ಲವರು ನಮ್ಮ ಮನೆಯಲ್ಲಿ ಯಾರಿದ್ದಾರೆ? ಉರಕಾಮಿಯ ರೈತರು ಈ ಪ್ರಶ್ನೆಯನ್ನು ನಮ್ಮ ಮುಂದೆ ಇರಿಸಿದ್ದಾರೆ. ಅದಕ್ಕೆ ಉತ್ತರವನ್ನು ಇಂದು ಸಂಜೆಯ ಮನೆಪ್ರಾರ್ಥನೆಯಲ್ಲಿಯೇ ಹುಡುಕಬೇಕಾಗಿದೆ.